ಅಪ್ಪ ಮಾಡಿದ ಊರಮ್ಮ

ಸುಣ್ಣದ ಗಾರೆಗೆ ಬೆಲ್ಲದ ನೀರು ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿರುವವರು ಹೆಚ್ಚು ಜನ ಉಳಿದೂ ಇಲ್ಲ. ಮೊದಲು ಮೂಗಿಗೆ ಖಾರವಾಗಿ ಬಡಿಯುತ್ತದೆ, ಅದರ ಹಿಂದೆಯೇ ಮೆಲ್ಲಗೆ ಆಲೆಮನೆಯ ಸಿಹಿ ಬರುತ್ತದೆ, ಕೊನೆಗೆ ಗಾರೆಗೆ ಬೆರೆಸಿದ ಅಳಲೆಕಾಯಿಯ ಒಗರು ಗಂಟಲಲ್ಲಿ ನಿಲ್ಲುತ್ತದೆ. ಮೊನ್ನೆ ಶ್ರೀರಂಗಪಟ್ಟಣದಲ್ಲಿ ಹಳೆಯ ಗೋಡೆಯೊಂದನ್ನು ರಿಪೇರಿ ಮಾಡುತ್ತಿದ್ದರು. ಬಸ್ಸಿಗೆಂದು ಅವಸರದಲ್ಲಿ ಹೋಗುತ್ತಿದ್ದವಳು ಆ ವಾಸನೆಗೆ ಸಿಕ್ಕಿಕೊಂಡು ನಿಂತೇಬಿಟ್ಟೆ. ಬಸ್ಸು ಹೊರಟುಹೋಯಿತು. ಹೋದರೆ ಹೋಗಲಿ, ಪಾಂಡವಪುರದ ಬಸ್ಸಿಗೇನು ಬರವೇ ಎಂದುಕೊಂಡು ಗಾರೆ ಕಲಸುತ್ತಿದ್ದವನ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತೆ. ಅವನು ನನ್ನನ್ನು ನೋಡಿ, ‘ಏನಾರ ಬೇಕಿತ್ತಾ ಅಕ್ಕ’ ಎಂದ. ಏನು ಬೇಕೆಂದು ಹೇಳುವುದು? ಇದು ನಮ್ಮಪ್ಪನ ಕೈಯ ವಾಸನೆ ಕಣಪ್ಪ ಎಂದಿದ್ದರೆ ತಲೆ ಕೆಟ್ಟವಳು ಎಂದುಕೊಳ್ಳುತ್ತಿದ್ದ.

ನಮ್ಮೂರು ಹೊಸಹೊಳಲಿನ ಆಚೆಗೆ. ನಮ್ಮದು ಗಾರೆಯಲ್ಲಿ ದೇವರ ಗೊಂಬೆ ಮಾಡುವವರ ಮನೆ. ನಡುಮನೆಯ ಒಂದು ಮೂಲೆಯಲ್ಲಿ ಕರಣೆ, ಜರಡಿ, ಸುಣ್ಣ ನೆನೆಹಾಕಿದ ಬಾನಿ; ಇನ್ನೊಂದು ಮೂಲೆಯಲ್ಲಿ ಅಜ್ಜಿಯ ಎಲೆಅಡಿಕೆ ತಟ್ಟೆ. ಆ ಮನೆಯಲ್ಲಿ ನಿಜವಾಗಿ ಬದುಕಿದ್ದವರು ನಾವು ಮೂರು ಹೆಂಗಸರು: ಅಜ್ಜಿ, ಅವ್ವ, ನಾನು. ಅಪ್ಪ ಬರುತ್ತಿದ್ದ, ಹೋಗುತ್ತಿದ್ದ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಮಲೇಷಿಯಾ, ಮಾರಿಷಸ್, ಫಿಜಿ ಎಂದು, ಹಿಂದಿನ ಕಾಲದಲ್ಲಿ ನಮ್ಮ ದೇಶದ ಜನ ಕೂಲಿಗೆ ಹಡಗು ಹತ್ತಿ ಹೋದ ಕಡೆಗಳಲ್ಲೆಲ್ಲ ಹಳೆಯ ಗುಡಿಗಳಿಗೆ ಹೊಸ ಗೋಪುರ ಏಳುತ್ತಿತ್ತು. ಆ ಗೋಪುರಗಳ ಮೇಲೆ ಕೂರುವ ದೇವರುಗಳನ್ನೂ ದ್ವಾರಪಾಲಕರನ್ನೂ ಗಾರೆಯಲ್ಲಿ ಎತ್ತುವವರ ಗುಂಪಿನಲ್ಲಿ ನಮ್ಮಪ್ಪನೂ ಒಬ್ಬ. ಒಂದು ಗೋಪುರ ಮುಗಿದರೆ ಮನೆಗೆ, ಮನೆಗೆ ಬಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ದೇಶಕ್ಕೆ. ಊರಿನವರಿಗೆ ಅವನು ಫಾರಿನ್ ಆಚಾರಿ. ನನಗೆ ಮಾತ್ರ ಪ್ರತಿ ಸಲವೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ ಒಬ್ಬ ಗಂಡಸು.

ಬಂದ ಮೊದಲ ವಾರ ಅವನಿಗೆ ತಾನೆಲ್ಲಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಎದ್ದು ಬಾಗಿಲಿಲ್ಲದ ಕಡೆ ಬಾಗಿಲು ಹುಡುಕುತ್ತಿದ್ದ. ಅವ್ವನಿಗೆ ಯಾವುದೋ ಭಾಷೆಯಲ್ಲಿ ನೀರು ಕೇಳಿ, ಅವಳು ಕಣ್ಣು ಕಣ್ಣು ಬಿಟ್ಟಾಗ ನಾಚಿಕೊಳ್ಳುತ್ತಿದ್ದ. ಉಣ್ಣಲು ಕುಳಿತರೆ ಕೈ ಸುಮ್ಮನಿರುತ್ತಿರಲಿಲ್ಲ. ಬಿಸಿ ಮುದ್ದೆಯ ಮೇಲೆ ಹೆಬ್ಬೆರಳೊತ್ತಿ ಕಣ್ಣಿನ ಗುಳಿ ತೆಗೆದು, ಎರಡು ಬೆರಳಲ್ಲಿ ಮೂಗೆತ್ತಿ, ತಟ್ಟೆಯಲ್ಲಿ ಒಂದು ಮುಖ ನಿಲ್ಲಿಸಿಬಿಡುತ್ತಿದ್ದ. ‘ಅಲ್ಲಿ ಇವ ನಂಗೆ ಟೀ ತಂದು ಕೊಡ್ತಿದ್ದ’ ಎಂದು ನನಗೆ ತೋರಿಸುತ್ತಿದ್ದ. ಅಜ್ಜಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ‘ಉಣ್ಣೋ ಇಟ್ನಾಗೆ ಊರೂರ ಮಕ ಮಾಡ್ಬ್ಯಾಡ ಕಣ್ಲಾ, ತಿನ್ನು’ ಎಂದು ಗದರಿ ಸಾರು ಸುರಿಯುತ್ತಿದ್ದಳು. ಅಪ್ಪ ನಗುತ್ತ ಆ ಮುಖವನ್ನು ಮುರಿದು ನುಂಗುತ್ತಿದ್ದ. ನಾನು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರಿನ ಸುತ್ತ ಸುಣ್ಣ ತಿಂದು ಬಿರುಕು ಬಿಟ್ಟ ಬೆರಳುಗಳು. ಅವುಗಳಿಗಿಂತ ಚೆಂದದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಊರಮ್ಮನ ಗುಡಿಯ ಚಾವಣಿ ಸೋರಿ, ನಮ್ಮ ತಾತ ಮಾಡಿದ್ದ ಗಾರೆಯ ಅಮ್ಮನ ಮೂರ್ತಿ ಎದೆಯಿಂದ ಕೆಳಕ್ಕೆ ಬಿರಿಯಿತು. ಬಿರಿದ ಮೂರ್ತಿಗೆ ಪೂಜೆಯಿಲ್ಲ. ಊರಿನ ಯಜಮಾನರಾದ ಸಿದ್ದೇಗೌಡರು ನಮ್ಮ ಜಗುಲಿಯ ಮೇಲೆ ಬಂದು ಕುಳಿತು, ‘ನಿಮ್ಮಪ್ಪ ಮಾಡಿದ್ದ. ಈಗ ನೀನೇ ಮಾಡು’ ಎಂದರು. ಅದರ ಅರ್ಥ ಅಪ್ಪನಿಗೂ ಅವ್ವನಿಗೂ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ಯಾರ ಕೈಯಲ್ಲಿ ಊರಮ್ಮ ಕಣ್ಣು ತೆರೆಯುತ್ತಾಳೋ ಸುತ್ತಲ ಹಳ್ಳಿಗಳವರೆಲ್ಲ ತಮ್ಮ ಗುಡಿಯ ಕೆಲಸಕ್ಕೆ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಮತ್ತೆ ಅವನು ಹಡಗು ವಿಮಾನದ ಮುಖ ನೋಡಬೇಕಾಗಿಲ್ಲ. ಗೌಡರು ಹೋದ ಮೇಲೆ ಅಪ್ಪ ಅಡಿಗೆಮನೆ ಬಾಗಿಲಲ್ಲಿ ನಿಂತು, ‘ಈ ಅಮ್ಮ ನಿಂತ್ಲು ಅಂದ್ರೆ ನಾನೂ ನಿಂತೆ ಕಣೆ’ ಎಂದ. ಅವ್ವ ತಿರುಗಿ ನೋಡಲಿಲ್ಲ, ಒಲೆಗೆ ಸೌದೆ ನೂಕುತ್ತಲೇ ಇದ್ದಳು. ಆದರೆ ಅವಳ ಬೆನ್ನು ನಗುತ್ತಿತ್ತು. ಅವತ್ತಿನಿಂದ ನನಗೂ ಅದೊಂದೇ ಧ್ಯಾನ. ಅಪ್ಪ ಇರುತ್ತಾನೆ, ಸ್ಕೂಲಿನ ಬಾಗಿಲಿಗೆ ಬರುತ್ತಾನೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಗುಡಿಯೊಳಗೆ ಹಳೆಯ ಸೀರೆಗಳನ್ನು ಅಡ್ಡ ಕಟ್ಟಿ ಅಪ್ಪ ಕೆಲಸ ಮಾಡಿದ. ಮೂರ್ತಿ ಮುಗಿಯುವವರೆಗೆ ಯಾರೂ ನೋಡುವಂತಿಲ್ಲ. ಕಣ್ಣು ಬರೆಯುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ನಮ್ಮೂರಲ್ಲಿ ಮುಖ ಒಪ್ಪುವ ಶಾಸ್ತ್ರವೊಂದಿತ್ತು. ಊರಿನ ಹಿರಿಯ ಹೆಂಗಸರು, ಮುತ್ತೈದೆ ವಿಧವೆ ಎಂಬ ಭೇದವಿಲ್ಲದೆ, ಪರದೆಯ ಒಳಗೆ ಹೋಗಿ, ಕಣ್ಣಿಲ್ಲದ ಆ ಮುಖವನ್ನು ನೋಡುತ್ತಾರೆ. ಊರಮ್ಮ ಅಂದರೆ ಊರಿನ ಮಗಳು. ಅವಳಲ್ಲಿ ಯಾರದೋ ಮನೆಯ ಗಲ್ಲ, ಇನ್ಯಾರದೋ ಮನೆಯ ಹಣೆ ಇರಲೇಬೇಕು. ಅಂಥ ಗುರುತು ಕಂಡರೆ ಎಲ್ಲರಿಗಿಂತ ಹಿರಿಯಳು ಅವಳ ಕೆನ್ನೆಗೆ ಅರಿಸಿನ ಹಚ್ಚುತ್ತಾಳೆ, ಉಳಿದವರೂ ಹಚ್ಚುತ್ತಾರೆ. ಹಚ್ಚದಿದ್ದರೆ ಕಣ್ಣಿಲ್ಲ. ಆಗ ಊರಿಗೆಲ್ಲ ಹಿರಿಯಳು ನಮ್ಮ ಅಜ್ಜಿಯೇ. ಇನ್ನು ಭಯವೇನು ಎಂದು ನಾವು ನೆಮ್ಮದಿಯಾಗಿದ್ದೆವು. ಅಜ್ಜಿ ಅವತ್ತು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಅರಿಸಿನದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕ ನಡೆದಳು. ಅಷ್ಟು ಜಂಬದಿಂದ ಅವಳು ನಡೆದದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಜ್ಜಿಯ ಸೆರಗು ಹಿಡಿದಿದ್ದೆನಾದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಎಂಥ ಚೆಲುವೆಯಪ್ಪ ಅವಳು. ಅಗಲ ಕೆನ್ನೆ, ಸಣ್ಣ ಬಾಯಿ, ಗುಂಡಗೆ ಇಳಿದ ಭುಜ. ಇಂಥವಳನ್ನು ನಮ್ಮೂರಿಗೆ ಕೊಟ್ಟದ್ದು ನಮ್ಮಪ್ಪ ಎಂದು ಹಿಗ್ಗಿದೆ. ಅಜ್ಜಿ ಹತ್ತಿರ ಹೋದಳು. ನೋಡಿದಳು. ಪಕ್ಕಕ್ಕೆ ಸರಿದು ಮತ್ತೆ ನೋಡಿದಳು. ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದ ಕಣ್ಣು ಅವಳದು, ಮಂಜಾಯಿತು ಎನ್ನಲೂ ಆಗದು. ಹೊರಗಿನಿಂದ ಸಿದ್ದೇಗೌಡರು, ‘ಅರಿಸ್ನ ಅಚ್ಚಿ ಬನ್ರವ್ವ, ವೊತ್ತಾಯ್ತದೆ’ ಎಂದರು. ಅಜ್ಜಿ ಬಟ್ಟಲನ್ನು ಕೆಳಗಿಟ್ಟಳು. ‘ಇವ್ಳು ಯಾರ ಮನೆ ಮಗ್ಳು ಅಂತ ನಂಗೆ ಗುರ್ತು ಸಿಕ್ಕಾಕಿಲ್ಲ’ ಎಂದಳು. ಮೆಲ್ಲಗೇ ಹೇಳಿದ್ದು, ಆದರೆ ಗುಡಿಗೆಲ್ಲ ಕೇಳಿಸಿತು. ಉಳಿದ ಹೆಂಗಸರು ಅದಕ್ಕೇ ಕಾಯುತ್ತಿದ್ದವರ ಹಾಗೆ ತಲೆದೂಗಿದರು. ‘ಚೆಂದಾಗವ್ಳೆ. ನಮ್ಮೂರೋಳಲ್ಲ, ಅಷ್ಟೆಯಾ’ ಎಂದಳು ಒಬ್ಬಳು. ಅಪ್ಪ ಸೀರೆಯ ಪರದೆ ಸರಿಸಿ ಒಳಗೆ ಬಂದು ತನ್ನ ಅವ್ವನ ಮುಖವನ್ನೇ ನೋಡಿದ. ಆಮೇಲೆ ಮೂರ್ತಿಯನ್ನು ನೋಡಿದ. ಅವನಿಗೆ ಆಗ ಕಂಡಿತು ಎಂದು ನನಗೆ ಅನಿಸುತ್ತದೆ. ಅಲ್ಲಿಯವರೆಗೆ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಊರಿನವರು ಕೆಟ್ಟವರಲ್ಲ, ಇನ್ನೊಮ್ಮೆ ಮಾಡು ಎಂದರು. ಅಪ್ಪ ಮುಖ ಕೆತ್ತಿ ತೆಗೆದು ಹಸಿ ಗಾರೆ ಮೆತ್ತಿದ. ಮತ್ತೆ ಅವಳೇ ಬಂದಳು. ಮತ್ತೆ ತೆಗೆದ. ಒಂದು ಮಧ್ಯಾಹ್ನ ನನ್ನನ್ನೇ ಎದುರಿಗೆ ಕೂರಿಸಿಕೊಂಡು, ಸುಣ್ಣದ ಕೈಯಲ್ಲಿ ನನ್ನ ಗಲ್ಲ, ಹುಬ್ಬು ತಡಕಿ, ಗಾರೆಯ ಕಡೆ ತಿರುಗಿದ. ಕೈ ತನ್ನ ಪಾಡಿಗೆ ತಾನು ಕಲಿತದ್ದನ್ನೇ ಮಾಡುತ್ತಿತ್ತು. ಕೊನೆಗೆ ಕರಣೆ ಕೆಳಗಿಟ್ಟು ಹೇಳಿದ: ‘ಅಲ್ಲಿ ಇಂಡಿಯಾದ ಮಕ, ನಮ್ಮಮ್ಮ ಇಂಗಿಲ್ಲ ಅಂತ ತಿದ್ದುಸ್ತಾರೆ. ಇಲ್ಲಿ ಪರದೇಸದ ಮಕ ಅಂತಾರೆ. ನನ್ ಕೈಗೆ ಯಾವೂರು ಅಂತ ಗೊತ್ತಾಗ್ತಿಲ್ಲ ಕಣವ್ವ.’ ನನ್ನ ಕೆನ್ನೆ ಉರಿಯುತ್ತಿತ್ತು, ಸುಣ್ಣಕ್ಕೆ. ತೊಳೆದುಕೊಳ್ಳಲು ಎದ್ದರೆ ಅವನಿಗೆ ಬೇಜಾರಾದೀತೆಂದು ಹಾಗೇ ಕುಳಿತಿದ್ದೆ. ಮುಂದಿನ ತಿಂಗಳು ನಾಗಮಂಗಲದ ಕಡೆಯಿಂದ ಬೇರೆ ಆಚಾರಿ ಬಂದ. ಅವನು ಮಾಡಿದ ಅಮ್ಮನಿಗೆ ಅಂಥ ರೂಪವೇನೂ ಇರಲಿಲ್ಲ, ಮೂಗು ಕೊಂಚ ಸೊಟ್ಟ. ಆದರೂ ಹೆಂಗಸರು ಅರಿಸಿನ ಹಚ್ಚಿ ಅತ್ತರು.

ಅಪ್ಪ ಹೊರಟ. ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿಗೆ ಅವ್ವ ಬರಲಿಲ್ಲ, ನಾನು ಹೋಗಿದ್ದೆ. ಕಿಟಕಿಯಿಂದ ಅವನು ಏನೋ ಹೇಳಿದ, ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಮನೆಗೆ ಬಂದವಳೇ ಅಜ್ಜಿಯ ಎಲೆಅಡಿಕೆ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಅವ್ವ ನನಗೆ ಹೊಡೆಯಲಿಲ್ಲ. ಅಜ್ಜಿ ತಾನೇ ಬಗ್ಗಿ ಅಡಿಕೆ ಆಯ್ದುಕೊಂಡಳು. ಅವಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದು ಬೆರಳು ಅರಿಸಿನ, ಅದನ್ನು ಹಚ್ಚಿದ್ದರೆ ಏನು ಆಕಾಶ ಕಳಚಿ ಬೀಳುತ್ತಿತ್ತು? ವರ್ಷಗಳಾದ ಮೇಲೆ ಹಾಸಿಗೆ ಹಿಡಿದಾಗ ಅವಳೇ ಆ ಮಾತೆತ್ತಿದಳು. ‘ಅಮ್ಮನ ಮುಂದೆ ಸುಳ್ಳೇಳಾಕಾಯ್ತದಾ ಅಂದ್ಕಂಡೆ. ಯೋಳ್ಬೋದಾಗಿತ್ತು ಕಣೆ. ಅವ್ಳು ದೇವ್ರು, ತಡ್ಕತಿದ್ಲು. ನನ್ ಮಗ ತಡ್ಕನಿಲ್ಲ’ ಎಂದಳು. ಅವ್ವ ಅವಳ ಕಾಲು ಒತ್ತುತ್ತಿದ್ದವಳು ಒತ್ತುತ್ತಲೇ ಇದ್ದಳು.

ಅಜ್ಜಿ ಸತ್ತಾಗ ಅಪ್ಪ ಫಿಜಿಯಲ್ಲಿದ್ದ. ಬಂದು ಸೇರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ತಲೆ ಬೋಳಿಸಿಕೊಂಡು, ಅಜ್ಜಿ ಮಲಗುತ್ತಿದ್ದ ಜಾಗದಲ್ಲಿ ಕುಳಿತ. ಗೋಡೆಗೆ ಹಾಕಲು ಅವಳದೊಂದು ಫೋಟೋ ಇರಲಿಲ್ಲ. ಚುನಾವಣೆಯ ಗುರುತಿನ ಚೀಟಿಯಲ್ಲಿ ಇದ್ದದ್ದು ಬರೀ ಕಪ್ಪು ಮಸಿ. ‘ನೀನೇ ಬರೀಬಾರ್ದಾ’ ಎಂದು ಅವ್ವ ಹಳೆಯ ಕ್ಯಾಲೆಂಡರೊಂದನ್ನು ಮಗುಚಿ ಕೊಟ್ಟಳು. ಅಪ್ಪ ಪೆನ್ಸಿಲ್ ಹಿಡಿದು ಕುಳಿತ. ಬರೆದ, ಅಳಿಸಿದ. ಕೊನೆಗೆ ನನ್ನನ್ನು ಕರೆದು, ‘ನಿಮ್ಮಜ್ಜಿ ಮೂಗು ಎಂಗಿತ್ತು, ಯೋಳು ಮಗ’ ಎಂದ. ಹೆತ್ತ ಮಗ ಕೇಳುವ ಮಾತೇ ಅದು? ಹೇಳಿದೆ. ಮೂಗು ಹೇಳಿದೆ, ಬೊಚ್ಚುಬಾಯಿ ಹೇಳಿದೆ, ಹಣೆಯ ಹಚ್ಚೆ ಹೇಳಿದೆ. ನಾನು ಹೇಳುತ್ತ ಹೋದ ಹಾಗೆ ಅವನು ಬರೆಯುತ್ತ ಹೋದ. ಮುಗಿದಾಗ ಕ್ಯಾಲೆಂಡರಿನ ಹಿಂದೆ ಇದ್ದವಳು ಅಗಲ ಕೆನ್ನೆಯ, ಸಣ್ಣ ಬಾಯಿಯ, ಯಾವುದೋ ದೇಶದ ಮುದುಕಿ. ಅಪ್ಪ ಹಾಳೆಯನ್ನು ನನ್ನ ಕಡೆ ತಿರುಗಿಸಿ ಹಿಡಿದ. ‘ಅಜ್ಜೀನೇ ಕಣಪ್ಪ’ ಎಂದೆ.

ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಅವನು ಹೋದ. ಆ ಸಲ ಹೋದವನು ತಿರುಗಿ ಬರಲಿಲ್ಲ. ಅಲ್ಲೇ ತೀರಿಕೊಂಡ ಅವನನ್ನು ಸುಟ್ಟದ್ದೂ ಅಲ್ಲಿಯೇ, ಅವನು ಕೆಲಸ ಮಾಡುತ್ತಿದ್ದ ಗುಡಿಯ ಜನವೇ ಎಲ್ಲ ಮಾಡಿದರಂತೆ. ಅವ್ವನೂ ಹೋದಳು. ಮನೆ ಮಾರಿದೆವು, ಕೊಂಡವರು ಕೆಡವಿದರು. ಅದಕ್ಕೂ ಮುಂಚೆ ಆ ಚಿತ್ರದ ಕೆಳಗೆ ಎಷ್ಟೋ ವರ್ಷ ನಾನು ಉಂಡೆ, ಮಲಗಿದೆ, ಹಬ್ಬಹಬ್ಬಕ್ಕೂ ಅದಕ್ಕೆ ಹೂ ಮುಡಿಸಿದೆ. ಈಗ ಅಜ್ಜಿಯನ್ನು ನೆನೆದುಕೊಳ್ಳಲು ಕಣ್ಣು ಮುಚ್ಚಿದರೆ ಬರುವವಳು ಆ ಮುದುಕಿಯೇ. ನಮ್ಮಜ್ಜಿಯ ಮುಖ ಹೇಗಿತ್ತು ಎಂದು ಕೇಳೋಣವೆಂದರೆ, ಹೇಳುವವರು ಯಾರೂ ಉಳಿದಿಲ್ಲ.