ಕಾವಲು ಜೀವಕೋಶದ ಯೋಗಕ್ಷೇಮ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕ್ಷಯರೋಗಿಗಳ ಮನೆಗೆ ಹೋಗಿ, ಕಣ್ಣೆದುರೇ ಮಾತ್ರೆ ನುಂಗಿಸುವ ಕೆಲಸದಲ್ಲಿದ್ದೆ. ಕಣ್ಣೆದುರೇ ಯಾಕೆಂದರೆ, ಕೆಮ್ಮು ನಿಂತ ಕೂಡಲೇ ಹಲವರು ಮಾತ್ರೆ ಬಿಟ್ಟುಬಿಡುತ್ತಾರೆ, ಆಗ ಕಾಯಿಲೆ ಮರಳುತ್ತದೆ. ಹೊಸ ತಿಪ್ಪಸಂದ್ರದ ಬಾಡಿಗೆ ಕೋಣೆಯಲ್ಲಿದ್ದ, ಕಲಬುರಗಿ ಕಡೆಯ ಗಾರೆ ಕೆಲಸದ ಶಾಂತಮ್ಮ ಕೂಡ ಹಾಗೇ ಹಠ ಹಿಡಿದರು.

“ಕೆಮ್ಮ ನಿಂತದ ನೋಡ್ರಿ ಅಕ್ಕಾರ. ಈ ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತದ. ನಾ ಒಲ್ಲೆ.”

ಹೆದರಿಸೋಣ ಎಂದು ವಿವರಿಸಿದೆ. “ನಿಮ್ಮ ಮೈಯಲ್ಲಿ ಕಾವಲಿಗೆ ಅಂತ ಜೀವಕೋಶಗಳಿವೆ. ಜೀವಕೋಶ ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಅಂದ್ಕೊಳ್ಳಿ. ಅವು ರೋಗಾಣುನ ನುಂಗ್ತವೆ. ಬೇರೆ ರೋಗಾಣು ಆದ್ರೆ ಅಲ್ಲೇ ಜೀರ್ಣವಾಗುತ್ತೆ. ಇದು ಮಾತ್ರ ಸಾಯದೆ, ನುಂಗಿದ ಜೀವಕೋಶದ ಹೊಟ್ಟೇಲೇ ಮನೆ ಮಾಡ್ಕೊಂಡಿರುತ್ತೆ. ಮಾತ್ರೆ ಅಲ್ಲಿಗೂ ಹೋಗಬೇಕು.”

ಶಾಂತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯ, ನನ್ನ ಸಲುವಾಗಿ ನುಂಗಿ ಸಿಕ್ಕೊಂಡದಲ್ರೀ ಪಾಪ! ಅದಕ್ಕೂ ಹೊಟ್ಟಿ ತೊಳಸ್ತಿರಬೇಕು. ಕೊಡ್ರಿ ಇಲ್ಲಿ.”

ಎಲ್ಲ ಮಾತ್ರೆಯನ್ನೂ ನುಂಗಿ ನೀರು ಕುಡಿದರು.

ಆಮೇಲೆ ಚಿಕಿತ್ಸೆ ಮುಗಿಯುವವರೆಗೂ ನನ್ನನ್ನು ಕಂಡ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ: “ಅದು ಹ್ಯಾಂಗದರೀ ಈಗ?”

ತಿಳಿಯುವ ದಾರಿ ನನಗೂ ಇರಲಿಲ್ಲ. ಆದರೂ ಗಂಭೀರವಾಗಿ “ಸುಧಾರಿಸ್ಕೊಳ್ತಿದೆ” ಅನ್ನುತ್ತಿದ್ದೆ.