ಕಾಳಿಯ ಕಪ್ಪು

ಕಪ್ಪು ಬಳಿಯುವುದು ಸುಲಭ ಎಂದು ನಾನು ನಂಬಿದ್ದೆ. ಟ್ಯಾಬ್ಲೆಟ್ಟಿನ ಮೇಲೆ ಗೆರೆಯೊಳಗೊಮ್ಮೆ ಬೆರಳು ಮುಟ್ಟಿಸಿದರೆ ಸಾಕು, ಬಣ್ಣ ತಾನೇ ತುಂಬಿಕೊಳ್ಳುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದು ಮಕ್ಕಳಿಗೆ ಕಾಮಿಕ್ಸ್ ಬರೆಯುವ ನನ್ನಂಥವಳಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಒಂದು ಕುರಿ ಎದುರಾಗುವವರೆಗೆ ಈ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಕುರಿಯ ಹೆಸರು ಕಾಳಿ, ನಮ್ಮ ಯಜಮಾನರ ಅಕ್ಕ ಗೌರಕ್ಕನದು. ಯಲ್ಲದಕೆರೆಗೆ ಸೊಸೆಯಾಗಿ ಹೋದಾಗಿನಿಂದ ಕುರಿ ಮೇಯಿಸಿದವಳು, ಮಂಡಿ ಸೋತಿದ್ದರಿಂದ ಹೋದ ವರ್ಷ ಹಿಂಡನ್ನೇ ಮಾರಿಬಿಟ್ಟಳು.

"ಹಿರಿಯೂರಿನ ಮೊಮ್ಮಗಳು ಫೋನಿನಾಗೆ ನೋಡೋ ಕುರಿ ಎಲ್ಲ ಬೆಳ್ಳಗೆ ಹತ್ತಿ ಉಂಡೆ ಇದ್ದಂಗವೆ ಕಣೆ. ದಾರಿಯಾಗೆ ನಮ್ಮ ಕರಿ ಕುರಿ ಕಂಡ್ರೆ ಕರಡಿ ಅಂತಾಳೆ! ನಮ್ಮ ಕಾಳೀನ ನಿನ್ನ ಕಥೆಯಾಗೆ ಬರಿ. ಇಲ್ದಿದ್ರೆ ಅಜ್ಜಿ ಏನು ಮಾಡ್ಕಂಡಿದ್ಲು ಅಂತ ಆ ಕೂಸಿಗೆ ಗೊತ್ತೇ ಆಗಲ್ಲ" ಎಂದಳು.

ಬರೆದೆ. ಗೆರೆ ಕಾಗದದ ಮೇಲೆ ಮಸಿಯಲ್ಲಿ, ಬಣ್ಣ ಟ್ಯಾಬ್ಲೆಟ್ಟಿನಲ್ಲಿ. ಮುಂದಿನ ಸಲ ಹೊಸದುರ್ಗದ ನಮ್ಮ ಮನೆಗೆ ಬಂದಾಗ ಗೌರಕ್ಕ ನೋಡಿ, "ಕುರಿ ಎಲ್ಲೈತೆ? ಇಲ್ಲೊಂದು ತೂತು ಬಿದ್ದೈತಲ್ಲ!" ಎಂದಳು. ಇಬ್ಬರೂ ನಕ್ಕೆವು. ಆದರೆ ಟೀ ಕುಡಿಯುವಾಗ ಅವಳು ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ.

ಅವಳ ಮಾತು ನಿಜ. ಕುರಿಯ ಕಪ್ಪು ಒಂದೇ ಕಪ್ಪಲ್ಲ. ಬೆನ್ನ ಮೇಲೆ ಬಿಸಿಲಿಗೆ ಕಂದಿದ ಕಪ್ಪು, ಹೊಟ್ಟೆಯಡಿ ಕೆಮ್ಮಣ್ಣು ಮೆತ್ತಿದ ಕಪ್ಪು, ಕಿವಿಯ ಹಿಂದೆ ರೊಟ್ಟಿ ಹಂಚಿನ ತಳದ ಕಪ್ಪು. ಟ್ಯಾಬ್ಲೆಟ್ಟಿನಲ್ಲಿ ಬೇಕಾದಷ್ಟು ಬಣ್ಣಗಳಿವೆ, ಒಂದಕ್ಕೂ ಮುಳ್ಳು ಅಂಟಿಲ್ಲ. ಹಾಗಾಗಿ ಅಡುಗೆಮನೆಯನ್ನೇ ಚಿತ್ರದೊಳಕ್ಕೆ ಕರೆದೆ. ತೆಂಗಿನ ನಾರನ್ನು ಮಸಿಯಲ್ಲಿ ಅದ್ದಿ ಒತ್ತಿದರೆ ಒಣಹುಲ್ಲು, ಟೀ ಡಿಕಾಕ್ಷನ್ ಬಳಿದು ಉಪ್ಪು ಉದುರಿಸಿದರೆ ಹೊಲದ ಮಣ್ಣು, ಅರಿಸಿನದ ನೀರು ಬಳಿದರೆ ಸಂಜೆಬಿಸಿಲು. ಎಲ್ಲವನ್ನೂ ಒಣಗಿಸಿ, ಸ್ಕ್ಯಾನ್ ಮಾಡಿ, ಟ್ಯಾಬ್ಲೆಟ್ಟಿನಲ್ಲಿ ಗೆರೆಗಳ ಕೆಳಗೆ ಹಾಸಿಗೆಯಂತೆ ಹಾಸಿದೆ. ಕಾಳಿಗೆ ಮಾತ್ರ, ನನ್ನ ಮದುವೆಗೆ ಗೌರಕ್ಕ ತನ್ನ ಕುರಿಗಳ ಉಣ್ಣೆಯಲ್ಲೇ ನೇಯಿಸಿ ಕೊಟ್ಟಿದ್ದ ಕಂಬಳಿಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಹರಡಿ ಮುಚ್ಚಳ ಅದುಮಿದೆ.

ಕಂಬಳಿ ಎತ್ತಿದೆ, ಉಣ್ಣೆಯ ಎಳೆಗಳು ಗಾಜಿನ ಮೇಲೇ ಉಳಿದವು. ಆಮೇಲೆ ಸ್ಕ್ಯಾನ್ ಮಾಡಿದ ಆಕಾಶಕ್ಕೆಲ್ಲ ಕೂದಲು!

"ನಿನ್ನ ಸಾರಿನಾಗೂ ಹಿಂಗೇ ಸಿಗ್ತಾವೆ ಬಿಡು" ಎಂದು ಯಜಮಾನರು ಸಮಾಧಾನ ಹೇಳಿದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಎಳೆಯನ್ನು ಟ್ಯಾಬ್ಲೆಟ್ಟಿನಲ್ಲಿ ಅಳಿಸುತ್ತ ಬಂದೆ. ಕೊನೆಯ ಪುಟವೊಂದು ಬಾಕಿ ಇರುವಾಗ ಗೌರಕ್ಕ ಮೊಮ್ಮಗಳನ್ನು ಕರೆದುಕೊಂಡು ಬಾಗಿಲಿಗೇ ಬಂದುಬಿಟ್ಟಳು.

ಎಳೆ ಅಳಿಸಿದ್ದ ಪುಟಗಳಿಗೆ ಸುಮ್ಮನೆ ತಲೆಯಾಡಿಸಿದಳು. ಕೊನೆಯದಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡಳು. ಜಾಲಿಮರದಡಿ ಕಾಳಿ ನಿಂತಿದ್ದಳು, ಆಕಾಶದ ತುಂಬ ಎಳೆಗಳು.

"ಲೇ, ಉಣ್ಣೆ ಕತ್ತರಿಸಿದ ದಿನ ಬರ್ದೀಯಲ್ಲೇ! ಗಾಳಿಗೆ ಹೆಂಗೆ ಹಾರ್ತೈತೆ ನೋಡು. ಅವತ್ತು ಉಂಬೋ ಮುದ್ದೆಯಾಗೂ ಕೂದಲೇ." ಮೊಮ್ಮಗಳ ಕೈ ಹಿಡಿದು ಕಾಳಿಯ ಬೆನ್ನಿಗೆ ಮುಟ್ಟಿಸಿದಳು. "ಇದ್ಯಾರು ಹೇಳವ್ವಾ?"

ಮಗು ಸವರಿ ನೋಡಿ, ಬೆರಳು ಹಿಂದಕ್ಕೆಳೆದುಕೊಂಡಿತು. "ಅಜ್ಜಿ ಕುರಿ. ಚುಚ್ತೈತೆ."

ಟ್ಯಾಬ್ಲೆಟ್ಟಿನ ಗಾಜು ಎಂದಿನಂತೆ ನುಣ್ಣಗೇ ಇತ್ತು. ಅದು ಉಣ್ಣೆ ಕತ್ತರಿಸಿದ ದಿನವಲ್ಲ ಗೌರಕ್ಕಾ, ನಾನು ಸ್ಕ್ಯಾನರ್ ಒರೆಸದ ದಿನ ಎನ್ನಲು ಬಾಯಿ ತೆರೆದವಳು, ಅಳಿಸುವ ಪೆನ್ನನ್ನು ಮೆಲ್ಲಗೆ ಬದಿಗಿಟ್ಟು, ಹಾಲು ಉಕ್ಕಿತೇನೋ ಎಂದು ಒಳಗೆ ಹೋದೆ.