ಒಪ್ಪತ್ತಿನ ಗುಳಿಗೆ

ಗದಗ ಹೊಸ ಜಿಲ್ಲೆಯಾದ ಮರುವರ್ಷ ನಾನು ಬಾಣಂತನಕ್ಕೆಂದು ಮುಂಡರಗಿಯಿಂದ ಬೆಟಗೇರಿಗೆ ಬಂದೆ. ಅವ್ವ ಹೋದ ಮೇಲೆ ನನಗೆ ತವರೆಂದರೆ ಅಕ್ಕನ ಮನೆಯೇ. ಮಗ್ಗದ ಸದ್ದನ್ನೂ ಮೀರಿ ಅವಳ ದನಿ ಓಣಿಗೆಲ್ಲ ಕೇಳುತ್ತಿತ್ತು.

ಅಕ್ಕನಿಗೆ ಬಿಪಿ ಇತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ಬರೆದ ಡಾಕ್ಟರು, "ಊಟ ಆದ ಮ್ಯಾಲೆ ತಗೋರಿ" ಎಂದಿದ್ದರು. ಆ ಮಾತನ್ನು ಅಕ್ಕ ಚಾಚೂ ತಪ್ಪದೆ ಪಾಲಿಸಿದಳು.

ನನ್ನ ಮೊದಲಿನ ಎರಡು ಬಸಿರೂ ನಿಂತಿರಲಿಲ್ಲ. ಈ ಸಲವಾದರೂ ಸುಸೂತ್ರವಾಗಲಿ ಎಂದು ಅವಳು ಶ್ರಾವಣವಿಡೀ ಒಪ್ಪತ್ತು ಹಿಡಿದಳು. ನಸುಕಿನಲ್ಲೇ ಎದ್ದು ಜಳಕ, ಪೂಜೆ; ದಿನವೆಲ್ಲ ದುಡಿತ; ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ.

"ನಿದ್ದಿನೂ ಇಲ್ಲ, ಊಟಾನೂ ಇಲ್ಲ. ಹಿಂಗಾದ್ರ ಹ್ಯಾಂಗ ಯಕ್ಕಾ?" ಎಂದರೆ, "ನೀ ಸುಮ್ನ ಉಣ್ಣು, ಹುಚ್ಚಿ" ಎಂದು ನಗುವಳು.

ಶ್ರಾವಣ ಮುಗಿಯುವ ಮೊದಲೇ ನನಗೆ ಮಗಳು ಹುಟ್ಟಿದಳು. ಆದರೂ ಅಕ್ಕ ಒಪ್ಪತ್ತು ಬಿಡಲಿಲ್ಲ. ಹಿಡಿದದ್ದನ್ನು ನಡುವೆ ಬಿಡಬಾರದಂತೆ. ಒಂದು ಬೆಳಿಗ್ಗೆ ಕೂಸಿಗೆ ಎರೆಯಲು ನೀರು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಬಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹಸಿ ಬಾಣಂತಿ ಬರಬಾರದೆಂದರೂ ಕೇಳದೆ, ಕೂಸನ್ನೆತ್ತಿಕೊಂಡು ದವಾಖಾನೆಗೆ ಹೋದೆ.

ಡಾಕ್ಟರು ಭಾವನನ್ನು ಕೇಳಿದರು, "ಗುಳಿಗಿ ಬಿಟ್ಟಿದ್ರೇನ್ರಿ?"

"ಒಂದ ದಿನಾನೂ ಇಲ್ರಿ. ಉಂಡ ಕೂಡ್ಲೇ ತಗೊಂತಿದ್ಲು."

"ಬೆಳಿಗ್ಗೀದು?"

"ಬೆಳಿಗ್ಗೆ ಊಟಾನ ಇರಲಿಲ್ಲಲ್ರಿ. ಒಪ್ಪತ್ತು ಹಿಡದಿದ್ಲು."

ಡಾಕ್ಟರು ಹಣೆ ಒತ್ತಿಕೊಂಡರು. "ಊಟ ಬಿಟ್ರೂ ಗುಳಿಗಿ ಬಿಡಬಾರದಿತ್ತು. ಮೊದಲ ನನಗ ಒಂದ ಮಾತು ಹೇಳಬೇಕಿತ್ತಲ್ರಿ?"

ಹೇಳಬೇಕೆಂದು ಯಾರಿಗೆ ಹೊಳೆದಿತ್ತು? ಒಪ್ಪತ್ತಿನ ಸುದ್ದಿಯನ್ನು ಡಾಕ್ಟರಿಗೆ ಹೇಳುವ ರೂಢಿ ನಮ್ಮ ಮನೆಗಳಲ್ಲಿ ಇರಲಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆವು.

ಅಕ್ಕನಿಗೆ ಮತ್ತೆ ಎಚ್ಚರವಾಗಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹಿರಿಯಳೊಬ್ಬಳು ನನ್ನ ಕೂಸಿನ ತಲೆ ಸವರಿ, "ನಿಮ್ಮಕ್ಕನ ಒಪ್ಪತ್ತು ಫಲಿಸ್ತು ನೋಡವಾ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಫಲಿಸೋದು ಹಿಂಗೇನ ಯವ್ವಾ?" ಎಂದು ಚೀರಿದೆ. ಅವಳು ಪಾಪ, ಸಮಾಧಾನ ಹೇಳಲು ಬಂದವಳು. ಕೂಸು ಬೆಚ್ಚಿ ಅಳತೊಡಗಿತು.

ಹಾಲೂಡಿಸುವವಳು ಹಸಿದಿರಬಾರದೆಂದು ಪಕ್ಕದ ಮನೆಯವರು ಅನ್ನ, ಸಾರು ತಂದು ನನ್ನ ಮುಂದಿಟ್ಟರು. ಅಕ್ಕನಿಲ್ಲದ ಮನೆಯಲ್ಲಿ, ಅಳುತ್ತಲೇ, ಹೊಟ್ಟೆ ತುಂಬ ಉಂಡೆ.